ಒಂದು ಬೇಸಿಗೆ, ನಾಲ್ಕು ದೇಶ, ಏಳು ಬಿಡಾರ: ಮನೆಮಂದಿಯೊಂದಿಗೆ ಯುರೋಪಿನ ನಿಧಾನ ಪ್ರವಾಸ

ಹತ್ತು ದಿನಕ್ಕೆ ಎಂಟು ಊರು ಸುತ್ತಿ ಬಂದ ಮಕ್ಕಳನ್ನು ಏನು ನೋಡಿದಿರಿ ಎಂದು ಕೇಳಿದರೆ ಬಸ್ಸಿನ ಕಿಟಕಿ, ಹೋಟೆಲಿನ ಲಿಫ್ಟು ಎನ್ನುತ್ತಾರೆ. ಅದು ಅವರ ತಪ್ಪಲ್ಲ. ಊರು ಬದಲಿಸುವ ದಿನ ಬೆಳಿಗ್ಗೆ ಗಂಟುಮೂಟೆ ಕಟ್ಟಬೇಕು, ಸ್ಟೇಷನ್ ಸೇರಬೇಕು, ರೈಲಿನಲ್ಲಿ ಕೂರಬೇಕು, ಹೊಸ ಮನೆಯ ಬೀಗದ ಕೈ ಹುಡುಕಬೇಕು, ಅಂಗಡಿಯಿಂದ ಹಾಲು ಬ್ರೆಡ್ಡು ತರಬೇಕು. ಅಷ್ಟರಲ್ಲಿ ದಿನ ಮುಗಿದಿರುತ್ತದೆ. ಹಾಗಾಗಿ ಮೂರು ರಾತ್ರಿ ತಂಗಿದರೆ ಕೈಗೆ ಸಿಗುವುದು ಎರಡೇ ಪೂರ್ತಿ ದಿನ, ಎರಡು ರಾತ್ರಿಗೆ ಒಂದೇ ದಿನ. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಮುಂದಿನ ತೀರ್ಮಾನಗಳೆಲ್ಲ ಸುಲಭ.

ಹಂತ 1: ಊರಿನ ಪಟ್ಟಿಗಿಂತ ಮೊದಲು ರಾತ್ರಿಗಳ ಲೆಕ್ಕ

ಒಂದು ಹಾಳೆಯಲ್ಲಿ ನಿಮಗಿರುವ ಒಟ್ಟು ರಾತ್ರಿಗಳನ್ನು ಬರೆದು ಐದರಿಂದ ಭಾಗಿಸಿ. ಬರುವ ಸಂಖ್ಯೆಗಿಂತ ಹೆಚ್ಚು ಬಿಡಾರ ಬೇಡ. ಯಾವ ಬಿಡಾರಕ್ಕೂ ನಾಲ್ಕು ರಾತ್ರಿಗಿಂತ ಕಡಿಮೆ ಬೇಡ. ದೊಡ್ಡ ನಗರಕ್ಕೂ ಬೆಟ್ಟದ ಊರಿಗೂ ಆರು ಏಳು ಕೊಡಿ. ನಗರದಲ್ಲಿ ನೋಡುವುದು ಬಹಳವಿದೆ, ಬೆಟ್ಟದಲ್ಲಿ ಮಳೆಗೆ ಎರಡು ದಿನ ಹೋಗಿಯೇ ಹೋಗುತ್ತದೆ.

ಎರಡನೆಯ ವಿಷಯ ದಿಕ್ಕು. ಜೂನ್ ಆರಂಭದಲ್ಲಿ ರೋಮಿನಲ್ಲಿ ಬಿಸಿಲಿದ್ದರೂ ಓಡಾಡಬಹುದು. ಜುಲೈ ನಡುವಿನ ಹೊತ್ತಿಗೆ ಅಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುವುದು ಸಾಮಾನ್ಯ. ಅತ್ತ ಆಲ್ಪ್ಸ್‌ನ ಎತ್ತರದ ಕಾಲುದಾರಿಗಳಲ್ಲಿ ಜೂನ್ ಮೊದಲ ವಾರಗಳಲ್ಲಿ ಇನ್ನೂ ಹಿಮ ಇರುತ್ತದೆ. ಆದ್ದರಿಂದ ದಕ್ಷಿಣದಲ್ಲಿ ಶುರುಮಾಡಿ, ಬಿಸಿಲು ಏರಿದಂತೆ ಉತ್ತರಕ್ಕೆ ಸರಿಯುವುದು ಮಕ್ಕಳಿಗೂ ವಯಸ್ಸಾದವರಿಗೂ ಹಿತ. ವಿಮಾನ ಟಿಕೆಟ್ಟನ್ನು ರೋಮಿಗೆ ಇಳಿದು ಪ್ಯಾರಿಸ್‌ನಿಂದ ಹೊರಡುವಂತೆ ತೆಗೆದುಕೊಳ್ಳಿ. ಇಳಿದ ಊರಿಗೇ ಮರಳಿ ಹೋಗಿ ವಿಮಾನ ಹಿಡಿಯಬೇಕಾದರೆ ಒಂದು ದಿನವೂ ಒಂದು ಉದ್ದದ ರೈಲಿನ ದುಡ್ಡೂ ದಂಡ.

37 ರಾತ್ರಿಗಳ ಒಂದು ಮಾದರಿ ಹೀಗಿದೆ. ಜೂನ್ 8ಕ್ಕೆ ಇಳಿದು ಜುಲೈ 15ಕ್ಕೆ ಹೊರಡುವ ಲೆಕ್ಕ:

- ರೋಮ್ 6 ರಾತ್ರಿ
- ಫ್ಲಾರೆನ್ಸ್ 5 (ರೋಮಿನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ)
- ವೆರೋನಾ 4 (ಮತ್ತೆ ಒಂದೂವರೆ ಗಂಟೆ)
- ಇನ್ಸ್‌ಬ್ರುಕ್ 4 (ಬ್ರೆನ್ನರ್ ಕಣಿವೆಯ ಮೂಲಕ ಮೂರೂವರೆ ಗಂಟೆ)
- ಲುಝರ್ನ್ 7 (ಜ್ಯೂರಿಚ್‌ವರೆಗೆ ಮೂರೂವರೆ ಗಂಟೆ, ಅಲ್ಲಿ ರೈಲು ಬದಲಿಸಿ ಮುಕ್ಕಾಲು ಗಂಟೆ)
- ಸ್ಟ್ರಾಸ್‌ಬುರ್ಗ್ 4 (ಬಾಸೆಲ್‌ನಲ್ಲಿ ಬದಲಿಸಿ ಎರಡೂವರೆ ಗಂಟೆ)
- ಪ್ಯಾರಿಸ್ 7 (ಫ್ರಾನ್ಸಿನ ವೇಗದ ರೈಲು ಟಿಜಿವಿಯಲ್ಲಿ ಒಂದು ಗಂಟೆ ಐವತ್ತು ನಿಮಿಷದ ಆಸುಪಾಸು)

ಉಳಿದ ಊರುಗಳನ್ನು ಬಿಡಾರದಿಂದಲೇ ನೋಡಿ ಬನ್ನಿ. ಫ್ಲಾರೆನ್ಸ್‌ನಿಂದ ಲುಕ್ಕಾಕ್ಕೆ ಹೋದರೆ ಊರ ಸುತ್ತಲಿನ ನಾಲ್ಕು ಕಿಲೋಮೀಟರ್ ಕೋಟೆಗೋಡೆಯ ಮೇಲೆ ಬಾಡಿಗೆ ಸೈಕಲ್ಲಿನಲ್ಲಿ ಸುತ್ತಬಹುದು. ಮೇಲೆ ಕಾರುಗಳಿಲ್ಲ, ನೆರಳಿದೆ. ವೆರೋನಾದಿಂದ ಗಾರ್ಡಾ ಸರೋವರದ ಪೆಸ್ಕಿಯೇರಾ ಕಾಲು ಗಂಟೆ, ವೆನಿಸ್ ಒಂದು ಗಂಟೆ ಹತ್ತು ನಿಮಿಷ. ವೆನಿಸ್‌ನಲ್ಲಿ ತಂಗದೆ ಹೀಗೆ ಬಂದು ಹೋಗುವುದಕ್ಕೂ ಕಾರಣವಿದೆ. ಅಲ್ಲಿನ ಬಹುತೇಕ ಪ್ರತಿ ಸೇತುವೆಗೂ ಮೆಟ್ಟಿಲು. ಎರಡು ಸೂಟ್‌ಕೇಸು ಮತ್ತು ಮಗುವಿನ ತಳ್ಳುಗಾಡಿ ಹಿಡಿದು ಐದು ಸೇತುವೆ ದಾಟಿದರೆ ಆ ದಿನ ಮುಗಿದಂತೆ. ಏಪ್ರಿಲ್‌ನಿಂದ ಜುಲೈವರೆಗೆ ಗೊತ್ತುಪಡಿಸಿದ ದಿನಗಳಲ್ಲಿ ಒಂದು ದಿನದ ಮಟ್ಟಿಗೆ ವೆನಿಸ್‌ಗೆ ಬರುವವರು ಪ್ರವೇಶ ಶುಲ್ಕ ಕಟ್ಟಬೇಕು. 14 ವರ್ಷದೊಳಗಿನವರಿಗೆ ವಿನಾಯಿತಿ ಇದೆ. ಹೊರಡುವ ಮುಂಚೆ ಆ ದಿನಗಳ ಪಟ್ಟಿ ನೋಡಿಕೊಳ್ಳಿ.

ಹಂತ 2: ವೀಸಾ

ಮೇಲಿನ ನಾಲ್ಕೂ ದೇಶಗಳು (ಇಟಲಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್, ಫ್ರಾನ್ಸ್) ಒಂದೇ ವೀಸಾ ನಡೆಯುವ ಷೆಂಗೆನ್ ವಲಯದವು. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್‌ನಲ್ಲಿದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಎಲ್ಲಕ್ಕೂ ಸೇರಿ ಒಂದೇ ಅಲ್ಪಾವಧಿ ವೀಸಾ ಸಾಕು. ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಮೊದಲು ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ಉಳಿಯುವ ದೇಶಕ್ಕೆ ಹಾಕಬೇಕು. ದಿನಗಳು ಸರಿಸಮವಾದರೆ ಮಾತ್ರ ಮೊದಲು ಇಳಿಯುವ ದೇಶ. ನಮ್ಮ ಮಾದರಿಯಲ್ಲಿ ಇಟಲಿಗೆ 15 ರಾತ್ರಿ, ಫ್ರಾನ್ಸಿಗೆ 11. ಆದ್ದರಿಂದ ಇಟಲಿಗೆ. ಅರ್ಜಿ ಸಲ್ಲಿಸುವ ಸ್ಲಾಟ್ ಸಿಗುತ್ತಿಲ್ಲವೆಂದು ಬೇರೆ ದೇಶಕ್ಕೆ ಹಾಕಿ, ತಂಗುವ ಬುಕಿಂಗ್‌ಗಳು ಇನ್ನೊಂದು ಕಥೆ ಹೇಳಿದರೆ ಅರ್ಜಿ ತಿರಸ್ಕಾರವಾಗಬಹುದು.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು; ಕನಿಷ್ಠ 15 ದಿನ ಮುಂಚೆ ಹಾಕಿರಲೇಬೇಕು. ಬೇಸಿಗೆಯ ಸ್ಲಾಟುಗಳು ಬೇಗ ತುಂಬುವುದರಿಂದ ಮೂರು ತಿಂಗಳು ಮುಂಚಿತವಾಗಿಯೇ ಸಲ್ಲಿಸಿ ಮುಗಿಸಿ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದವರಿಗೆ 45, ಆರರ ಒಳಗಿನವರಿಗೆ ಇಲ್ಲ. ಆದರೆ ಕೈಗೂಸಿಗೂ ಪ್ರತ್ಯೇಕ ಅರ್ಜಿ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಯುರೋಪ್ ಬಿಟ್ಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವಂಥದ್ದು, ಇಡೀ ಷೆಂಗೆನ್ ವಲಯಕ್ಕೆ ಅನ್ವಯಿಸುವಂಥದ್ದು ಆಗಿರಬೇಕು. ಅಪ್ಪ ಅಮ್ಮಂದಿರಲ್ಲಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಸಿದ್ಧವಿಡಿ.

ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಷೆಂಗೆನ್ ಒಳಗೆ ಇರುವಂತಿಲ್ಲ. ಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ, ಅಂದರೆ 37 ರಾತ್ರಿಯ ಪ್ರವಾಸ 38 ದಿನ. ಪ್ಯಾರಿಸ್‌ನಿಂದ ಎರಡು ದಿನ ಲಂಡನ್‌ಗೆ ಹೋಗಿಬರೋಣ ಎಂಬ ಆಸೆ ಇದ್ದರೆ ಅದು ಈಗಲೇ ಹೊರಬರಲಿ. ಬ್ರಿಟನ್‌ಗೆ ಬೇರೆಯೇ ವೀಸಾ ಬೇಕು. ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಲಂಡನ್‌ಗೆ ಹೋದವರು ಮತ್ತೆ ಪ್ಯಾರಿಸ್ ಒಳಗೆ ಬರಲಾಗುವುದಿಲ್ಲ. ಬಹುಪ್ರವೇಶ ಎಂದು ಅರ್ಜಿಯಲ್ಲೇ ಕೇಳಿರಬೇಕು.

2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖಚಿತ್ರ ಮತ್ತು ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದೆ. 12 ವರ್ಷದೊಳಗಿನವರ ಬೆರಳಚ್ಚು ತೆಗೆಯುವುದಿಲ್ಲ, ಫೋಟೊ ಮಾತ್ರ. ಮೊದಲ ಸಲದ ದಾಖಲಾತಿಗೆ ಹೊತ್ತು ಹಿಡಿಯುತ್ತದೆ. ರೋಮಿಗೆ ಇಳಿದ ದಿನವೇ ಮುಂದಕ್ಕೆ ಸಮಯ ಗೊತ್ತಾದ ರೈಲು ಹಿಡಿಯುವ ಯೋಜನೆ ಹಾಕಬೇಡಿ.

ಹಂತ 3: ಮನೆ ಹಿಡಿಯುವುದು

ನಾಲ್ಕು ರಾತ್ರಿ ಮೀರಿದರೆ ಮನೆಮಂದಿಗೆ ಹೋಟೆಲಿಗಿಂತ ಅಡುಗೆಮನೆ ಇರುವ ಬಾಡಿಗೆ ಅಪಾರ್ಟ್‌ಮೆಂಟೇ ವಾಸಿ. ಹಿಡಿಯುವ ಮುಂಚೆ ಮಾಲೀಕರಿಗೆ ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ.

ಮೊದಲನೆಯದು: ಎಷ್ಟನೇ ಮಹಡಿ, ಲಿಫ್ಟ್ ಇದೆಯೇ? ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದೇ ಹೆಚ್ಚು. ಎರಡನೆಯದು: ಏಸಿ ಇದೆಯೇ, ಇದ್ದರೆ ಮಲಗುವ ಕೋಣೆಯಲ್ಲಿದೆಯೇ? ಪ್ಯಾರಿಸ್, ಸ್ಟ್ರಾಸ್‌ಬುರ್ಗ್, ಲುಝರ್ನ್‌ಗಳಲ್ಲಿ ಬಹಳಷ್ಟು ಮನೆಗಳಿಗೆ ಏಸಿ ಇಲ್ಲ. ಅಲ್ಲಿ ಛಾವಣಿಯ ಕೆಳಗಿನ ಕೊನೆಯ ಮಹಡಿ ಚಿತ್ರದಲ್ಲಿ ಚೆಂದ, ಆದರೆ ತಗಡಿನ ಛಾವಣಿ ಹಗಲೆಲ್ಲ ಕಾದು ರಾತ್ರಿ ಒಳಗೆ ಸೆಖೆ ಇಳಿಸುತ್ತದೆ. ಎರಡು ಮೂರನೇ ಮಹಡಿ, ಒಳ ಅಂಗಳದ ಕಡೆ ಕಿಟಕಿ ಇರುವ ಮನೆ ಒಳ್ಳೆಯದು. ಮೂರನೆಯದು: ಬಟ್ಟೆ ಒಗೆಯುವ ಯಂತ್ರ ಮನೆಯೊಳಗೇ ಇದೆಯೇ? ನಾಲ್ಕನೆಯದು: ಬೀಗದ ಕೈ ಯಾರು ಕೊಡುತ್ತಾರೆ, ಎಷ್ಟು ಗಂಟೆಗೆ?

ಇಟಲಿಯಲ್ಲಿ ಪ್ರತಿ ಪ್ರವಾಸಿ ಮನೆಗೂ ಸಿಐಎನ್ ಎಂಬ ನೋಂದಣಿ ಸಂಖ್ಯೆ ಜಾಹೀರಾತಿನಲ್ಲೇ ಇರಬೇಕೆಂಬ ನಿಯಮವಿದೆ. ಅದು ಕಾಣದಿದ್ದರೆ ಮುಂದಿನ ಮನೆ ನೋಡಿ. ಪ್ರವಾಸಿ ತೆರಿಗೆ ತಲೆಗೆ, ರಾತ್ರಿಗೆ ಇಷ್ಟು ಎಂದು ಬೇರೆಯಾಗಿ ಬೀಳುತ್ತದೆ. ಕೆಲವರು ನಗದಾಗಿಯೇ ಕೇಳುತ್ತಾರೆ, ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ವಿನಾಯಿತಿ. ವೀಸಾ ಕೈಸೇರುವ ತನಕ ರದ್ದು ಮಾಡಿದರೆ ಹಣ ಮರಳುವ ಬುಕಿಂಗ್‌ಗಳನ್ನಷ್ಟೇ ಇಟ್ಟುಕೊಳ್ಳಿ. ಜುಲೈ 14 ಫ್ರಾನ್ಸಿನ ರಾಷ್ಟ್ರೀಯ ಹಬ್ಬ. ಆ ವಾರ ಪ್ಯಾರಿಸ್‌ನಲ್ಲಿ ಇರುವುದಾದರೆ ಎಲ್ಲಕ್ಕಿಂತ ಮೊದಲು ಆ ಮನೆಯನ್ನೇ ಹಿಡಿಯಿರಿ.

ಮನೆಯೊಳಗೆ ಹೋದ ಮೇಲಿನ ಸಣ್ಣ ಸಂಗತಿಗಳೂ ಗೊತ್ತಿರಲಿ, ಮೊದಲ ಸಂಜೆ ಕೆಡುವುದು ಇವುಗಳಿಂದಲೇ. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೋವ್ಯಾಟ್ ವಿದ್ಯುತ್ ಸಂಪರ್ಕ ಮಾತ್ರ ಇರುತ್ತದೆ. ಏಸಿ, ಬಟ್ಟೆ ಯಂತ್ರ, ಓವನ್ ಮೂರನ್ನೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗಿ ಮನೆಯೆಲ್ಲ ಕತ್ತಲು. ಒಳಗಿನ ಫಲಕದಲ್ಲಿ ಸ್ವಿಚ್ ಎತ್ತಿದರೂ ಬಾರದಿದ್ದರೆ ಕೆಳಗಡೆ ಮೀಟರಿನ ಹತ್ತಿರದ ಸ್ವಿಚ್ ಎತ್ತಬೇಕಾಗುತ್ತದೆ. ಮೀಟರ್ ಎಲ್ಲಿದೆ ಎಂದು ಮನೆ ಹೊಕ್ಕಾಗಲೇ ಕೇಳಿಡಿ. ಗಾಜಿನ ಮೇಲ್ಮೈಯ ಇಂಡಕ್ಷನ್ ಒಲೆ ಹತ್ತದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಮಕ್ಕಳ ಸುರಕ್ಷೆಗೆ ಲಾಕ್ ಹಾಕಿರುತ್ತಾರೆ. ಬೀಗದ ಚಿತ್ರದ ಮೇಲೆ ಒದ್ದೆಯಿಲ್ಲದ ಬೆರಳನ್ನು ಮೂರು ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ತೆರೆದುಕೊಳ್ಳುತ್ತದೆ. ಬಟ್ಟೆ ಯಂತ್ರದ ‘ಇಕೋ’ ಸುತ್ತು ಎರಡರಿಂದ ಮೂರು ಗಂಟೆ ನಡೆಯುತ್ತದೆ, ಡ್ರೈಯರ್ ಇರುವುದು ಅಪರೂಪ. ಸಂಜೆ ಆರಕ್ಕೆ ಹಾಕಿ, ಮಲಗುವ ಮುಂಚೆ ಹರವಿದರೆ ಬೇಸಿಗೆಯಲ್ಲಿ ಬೆಳಗ್ಗೆಗೆ ಒಣಗಿರುತ್ತದೆ. ಹೊರಡುವ ಹಿಂದಿನ ರಾತ್ರಿ ಮಾತ್ರ ಜೀನ್ಸ್ ಒಗೆಯಬೇಡಿ.

ಕಿಟಕಿಯ ಹೊರಬಾಗಿಲುಗಳು ಅಲಂಕಾರಕ್ಕಿರುವುದಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಬೀಳುವ ಕಡೆಯವನ್ನು ಮುಚ್ಚಿ, ರಾತ್ರಿ ಹೊರಗೆ ತಣ್ಣಗಾದ ಮೇಲೆ ಎದುರುಬದುರಿನ ಎರಡೂ ಕಿಟಕಿ ತೆರೆಯಿರಿ. ಹಗಲೆಲ್ಲ ಗಾಳಿ ಬರಲೆಂದು ತೆರೆದಿಟ್ಟ ಮನೆಯಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ.

ಹಂತ 4: ರೈಲು ಟಿಕೆಟ್, ಪಾಸ್ ಲೆಕ್ಕ

ಯುರೋಪಿನ ಹೊರಗೆ ವಾಸಿಸುವವರಿಗೆ ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಯುರೇಲ್ ಪಾಸ್ ಇದೆ. 4ರಿಂದ 11 ವರ್ಷದ ಇಬ್ಬರು ಮಕ್ಕಳವರೆಗೆ ಒಬ್ಬ ದೊಡ್ಡವರೊಂದಿಗೆ ಉಚಿತ ಪಾಸ್ ಸಿಗುತ್ತದೆ. ನಾಲ್ಕರ ಒಳಗಿನವರಿಗೆ ಪಾಸೇ ಬೇಡ. ಕೇಳಲು ಚೆನ್ನಾಗಿದೆ. ಆದರೆ ಇಟಲಿಯ ವೇಗದ ರೈಲು ಫ್ರೆಚ್ಚಾರೊಸ್ಸಾ, ಫ್ರಾನ್ಸಿನ ಟಿಜಿವಿಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು, ಮಕ್ಕಳ ಸೀಟಿಗೂ ಕೊಡಬೇಕು. ಆರು ಸಲ ಮಾತ್ರ ಊರು ಬದಲಿಸುವ ನಿಧಾನ ಪ್ರವಾಸಕ್ಕೆ ಮುಂಗಡವಾಗಿ ಬಿಡಿ ಟಿಕೆಟ್ ಕೊಳ್ಳುವುದೇ ಬಹುತೇಕ ಅಗ್ಗ. ಮೂರು ದಿನಕ್ಕೊಮ್ಮೆ ಜಾಗ ಬದಲಿಸುವವರಿಗೆ, ಹೊರಡುವ ದಿನ ಬೆಳಿಗ್ಗೆ ನಿರ್ಧರಿಸುವವರಿಗೆ ಪಾಸ್ ಸರಿ.

ಉದ್ದದ ರೈಲುಗಳ ಅಗ್ಗದ ಟಿಕೆಟ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಮುಂಚೆ ತೆರೆಯುತ್ತವೆ. ಅವುಗಳಲ್ಲಿ ಎಷ್ಟೋ ಬದಲಿಸಲು ಬಾರದಂಥವು, ಆದ್ದರಿಂದ ವೀಸಾ ಬಂದ ದಿನವೇ ಕೊಳ್ಳಿ. ಊರಿಂದೂರಿಗೆ ಹೋಗುವ ಸ್ಥಳೀಯ ರೈಲುಗಳಿಗೆ ಮುಂಗಡ ಬೇಡ, ದರ ಒಂದೇ. ಇಟಲಿಯಲ್ಲಿ ಸ್ಥಳೀಯ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂನ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮೊಬೈಲ್ ಟಿಕೆಟ್ ಆದರೆ ಹತ್ತುವ ಮುಂಚೆ ಚೆಕ್-ಇನ್ ಒತ್ತಬೇಕು. ಟಿಕೆಟ್ ಇದ್ದೂ ದಂಡ ಕಟ್ಟಿದವರು ಎಡವಿದ್ದು ಇಲ್ಲಿಯೇ.

ಯಾವ ಹೊತ್ತಿನ ರೈಲು? ಬಾಡಿಗೆ ಮನೆ ಹತ್ತು ಹನ್ನೊಂದಕ್ಕೆ ಬಿಡಬೇಕು, ಮುಂದಿನದು ಸಿಗುವುದು ಮೂರು ನಾಲ್ಕಕ್ಕೆ. ನಡುವಿನ ಐದು ಗಂಟೆ ರೈಲಿನಲ್ಲಿ ಕಳೆಯುವಂತಿದ್ದರೆ ಲಗೇಜು ಕಾಯುವ ಚಿಂತೆ ಇಲ್ಲ. ಹನ್ನೊಂದೂವರೆಯಿಂದ ಒಂದರೊಳಗಿನ ರೈಲು ಹಿಡಿದು ಬುತ್ತಿಯನ್ನು ಬೋಗಿಯಲ್ಲೇ ಬಿಚ್ಚಿ. ರೈಲುಗಳಲ್ಲಿ ಮನೆಯ ಊಟ ತಿನ್ನಲು ಯಾರ ಅಡ್ಡಿಯೂ ಇಲ್ಲ. ಬದಲಿಸಬೇಕಾದಲ್ಲಿ ಎರಡು ರೈಲಿನ ನಡುವೆ ಮಕ್ಕಳಿದ್ದರೆ 30 ನಿಮಿಷ ಇಟ್ಟುಕೊಳ್ಳಿ. ಆ್ಯಪ್ ತೋರಿಸುವ ಎಂಟು ನಿಮಿಷ ಒಂಟಿಯಾಗಿ ಬ್ಯಾಗು ಹೊತ್ತವರಿಗೆ.

ಪ್ಲಾಟ್‌ಫಾರಂ ಮೇಲೆ ನಿಲ್ಲುವುದಕ್ಕೂ ಒಂದು ರೀತಿ ಇದೆ. ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಉದ್ದಕ್ಕೂ ಎ, ಬಿ, ಸಿ, ಡಿ ಎಂದು ಫಲಕಗಳಿರುತ್ತವೆ. ನಿಮ್ಮ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆ ಎಂದು ಮೇಲಿನ ಪರದೆಯಲ್ಲೋ ಆ್ಯಪ್‌ನಲ್ಲೋ ಇರುತ್ತದೆ. ಮುಂಚೆಯೇ ಅಲ್ಲಿ ಹೋಗಿ ನಿಲ್ಲಿ. ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗಿ ಒಡೆದು ಬೇರೆ ಬೇರೆ ಊರಿಗೆ ಹೋಗುತ್ತವೆ. ಬೋಗಿಯ ಬಾಗಿಲ ಪಕ್ಕ ಬರೆದ ಊರಿನ ಹೆಸರು ನೋಡಿಯೇ ಹತ್ತಿ. ಇಟಲಿಯಲ್ಲಿ ಪ್ಲಾಟ್‌ಫಾರಂ ಸಂಖ್ಯೆ ಬೋರ್ಡಿನಲ್ಲಿ ಬರುವುದೇ ಹತ್ತು ಹದಿನೈದು ನಿಮಿಷ ಮುಂಚೆ. ಟಿಜಿವಿಯ ಬಾಗಿಲು ಹೊರಡುವ ಸಮಯಕ್ಕೆ ಎರಡು ನಿಮಿಷ ಮುಂಚೆ ಮುಚ್ಚುತ್ತದೆ. ಹತ್ತುವಾಗ ಒಬ್ಬ ದೊಡ್ಡವರು ಮೊದಲು, ನಡುವೆ ಮಕ್ಕಳು, ಕೊನೆಗೆ ಲಗೇಜಿನೊಂದಿಗೆ ಇನ್ನೊಬ್ಬರು. ಇಳಿಯುವಾಗಲೂ ಹೀಗೆಯೇ, ಮಕ್ಕಳಷ್ಟೇ ಪ್ಲಾಟ್‌ಫಾರಂ ಮೇಲೆ ಉಳಿಯುವ ಗಳಿಗೆ ಬಾರದಂತೆ.

ಇಟಲಿಯಲ್ಲಿ ರೈಲು ಮುಷ್ಕರ ಅಪರೂಪವಲ್ಲ. ‘ಶೋಪೆರೊ’ ಎಂಬ ಮಾತು ಕಿವಿಗೆ ಬಿದ್ದರೆ ಅದೇ. ದಿನಾಂಕ ಮುಂಚೆಯೇ ಪ್ರಕಟವಾಗುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಮುಖ್ಯ ಸ್ಥಳೀಯ ರೈಲುಗಳು ಓಡಲೇಬೇಕೆಂಬ ನಿಯಮವಿದೆ. ಆಲ್ಪ್ಸ್ ದಾಟುವ ಮಾರ್ಗಗಳಲ್ಲಿ ಬೇಸಿಗೆಯಲ್ಲೇ ಹಳಿ ಕೆಲಸ ನಡೆಯುವುದರಿಂದ ಒಂದಿಷ್ಟು ದೂರ ಬಸ್ಸಿನಲ್ಲಿ ಸಾಗಿಸುವುದುಂಟು. ವೆರೋನಾ ಬಿಡುವ ವಾರ ವೇಳಾಪಟ್ಟಿಯನ್ನು ಇನ್ನೊಮ್ಮೆ ನೋಡಿ.

ಕಾರು ಬಾಡಿಗೆಗೆ ಪಡೆಯುವ ಯೋಚನೆ ಇದ್ದರೆ ಫ್ಲಾರೆನ್ಸ್ ಸುತ್ತಲಿನ ಟಸ್ಕನಿಯ ಹಳ್ಳಿಗಳಿಗೆ ಎರಡು ದಿನ ಸಾಕು. ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಕೈಲಿರಲಿ. ಇಟಲಿಯ ಹಳೆಯ ಪೇಟೆಗಳೊಳಗೆ ‘ಝೆಡ್‌ಟಿಎಲ್’ ಎಂಬ ನಿರ್ಬಂಧಿತ ವಲಯಗಳಿವೆ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ. ಒಂದು ದೇಶದಲ್ಲಿ ಪಡೆದು ಇನ್ನೊಂದರಲ್ಲಿ ಬಿಟ್ಟರೆ ಶುಲ್ಕ ವಿಪರೀತ.

ಹಂತ 5: ಸೂಟ್‌ಕೇಸು

ದೊಡ್ಡವರಿಗೆ ತಲಾ ಒಂದು ನಡುಗಾತ್ರದ ಸೂಟ್‌ಕೇಸು, ಮಕ್ಕಳಿಗೆ ಅವರೇ ಹೊರಬಲ್ಲ ಬೆನ್ನುಚೀಲ. ಪ್ರವಾಸ ಐದು ವಾರದ್ದಾದರೂ ಬಟ್ಟೆ ಏಳು ದಿನದ್ದು ಸಾಕು, ಆರು ದಿನಕ್ಕೊಮ್ಮೆ ಒಗೆಯುತ್ತೀರಿ. ಲುಝರ್ನ್ ಹತ್ತಿರದ ರಿಗಿ, ಪಿಲಾಟುಸ್ ಬೆಟ್ಟಗಳ ತುದಿಗಳಲ್ಲಿ ಜುಲೈನಲ್ಲೂ ಗಾಳಿ ಕೊರೆಯುತ್ತದೆ. ತಲೆಗೊಂದು ಸ್ವೆಟರ್, ಮಳೆ ಅಂಗಿ ಇರಲಿ. ಇಟಲಿಯ ಚರ್ಚುಗಳಿಗೆ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಬೇಕು, ತೆಳು ಶಾಲು ಸಾಕಾಗುತ್ತದೆ. ತಳ್ಳುಗಾಡಿ ಒಯ್ಯುವುದಾದರೆ ಚಕ್ರ ದೊಡ್ಡದಿರಲಿ. ರೋಮಿನ ಕಲ್ಲುಹಾಸಿನಲ್ಲಿ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ.

ಪ್ಲಗ್ಗಿನ ವಿಷಯ ಬಹಳ ಜನ ಗಮನಿಸುವುದಿಲ್ಲ. ಗುಂಡಗೆ ದಪ್ಪವಾಗಿರುವ ಜರ್ಮನ್ ಮಾದರಿಯ ಅಡಾಪ್ಟರ್ ಆಸ್ಟ್ರಿಯಾದಲ್ಲಿ ಕೂರುತ್ತದೆ, ಆದರೆ ಸ್ವಿಟ್ಜರ್‌ಲೆಂಡಿನ ಸಾಕೆಟ್ಟಿನಲ್ಲಿ, ಇಟಲಿಯ ಎಷ್ಟೋ ಸಾಕೆಟ್ಟುಗಳಲ್ಲಿ ಕೂರುವುದಿಲ್ಲ. ಚಪ್ಪಟೆ ದೇಹದ, ತೆಳು ಎರಡು ಕಡ್ಡಿಯ ಅಡಾಪ್ಟರ್ ನಾಲ್ಕೂ ದೇಶಗಳಲ್ಲಿ ನಡೆಯುತ್ತದೆ.

ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಒಯ್ಯುವಂತಿಲ್ಲ. ತುಪ್ಪ, ಪೇಡ ಕೂಡ ಇದರಲ್ಲೇ ಬರುತ್ತವೆ. ಕೂಸಿನ ಹಾಲಿನ ಪುಡಿಗೆ ತಲಾ 2 ಕಿಲೋವರೆಗೆ ವಿನಾಯಿತಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲಿ, ಔಷಧದ ರಾಸಾಯನಿಕ ಹೆಸರು ಬರೆದ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಿ.

ಹಂತ 6: ಮುಂಗಡ ಟಿಕೆಟ್ ಬೇಕಾದ ಜಾಗಗಳು

ಎಲ್ಲವನ್ನೂ ಮುಂಚೆಯೇ ಕೊಂಡರೆ ಪ್ರವಾಸಕ್ಕೆ ಉಸಿರು ಇರುವುದಿಲ್ಲ. ಆದರೆ ಕೆಲವು ಜಾಗಗಳಿಗೆ ಮುಂಗಡವಿಲ್ಲದೆ ಒಳಗೆ ಹೋಗುವುದೇ ಕಷ್ಟ. ಕೊಲೊಸಿಯಂ ಟಿಕೆಟ್ 30 ದಿನ ಮುಂಚೆ ತೆರೆಯುತ್ತದೆ. 18ರ ಒಳಗಿನವರಿಗೆ ಹಣವಿಲ್ಲ, ಆದರೂ ಅವರ ಹೆಸರಲ್ಲಿ ಸೊನ್ನೆ ದರದ ಟಿಕೆಟ್ ತೆಗೆದಿರಬೇಕು. ಐಫೆಲ್ ಗೋಪುರದ ಲಿಫ್ಟ್ ಟಿಕೆಟ್ ಸುಮಾರು 60 ದಿನ ಮುಂಚೆ ಸಿಗುತ್ತದೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ 18ರ ಒಳಗಿನವರಿಗೆ ಉಚಿತ, ಮಂಗಳವಾರ ರಜೆ. ಓರ್ಸೆ ಮ್ಯೂಸಿಯಂ ಮತ್ತು ವರ್ಸೈ ಅರಮನೆಗೆ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತದೆ. ಬಿಡಾರಕ್ಕೆ ಇಂಥ ಎರಡೇ ಜಾಗ ಗೊತ್ತು ಮಾಡಿ, ಎರಡೂ ಬೆಳಗಿನ ಮೊದಲ ಹೊತ್ತಿಗೆ.

ಹಂತ 7: ಒಂದು ದಿನದ ನಡೆ

ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟು ಒಂದೇ ಒಂದು ಜಾಗ ನೋಡಿ. ಒಂದಕ್ಕೆ ಮನೆಗೆ ಮರಳಿ ಊಟ, ನಿದ್ದೆ. ಐದಕ್ಕೆ ಮತ್ತೆ ಹೊರಗೆ. ಜೂನ್ ಕೊನೆಯಲ್ಲಿ ರೋಮಿನಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಹತ್ತಿರ, ಪ್ಯಾರಿಸ್‌ನಲ್ಲಿ ಹತ್ತರ ಹತ್ತಿರ. ಸಂಜೆಯೇ ನಾಲ್ಕು ಗಂಟೆಯ ಬೆಳಕು ಕೈಗೆ ಸಿಗುತ್ತದೆ. ನಾಲ್ಕನೆಯ ದಿನಕ್ಕೊಮ್ಮೆ ಏನೂ ಬರೆಯದೆ ಖಾಲಿ ಬಿಡಿ. ಆ ದಿನ ಆಟದ ಬಯಲು, ಸರೋವರದ ದಂಡೆ, ಬೀದಿ ಸಂತೆ.

ಲುಝರ್ನ್‌ನ ಒಂದು ದಿನವನ್ನೇ ಹತ್ತಿರದಿಂದ ನೋಡಿ. ಸ್ಟೇಷನ್ನಿನ ಎದುರೇ ದೋಣಿಕಟ್ಟೆ. ಅಲ್ಲಿಂದ ಹಡಗಿನಲ್ಲಿ ಸುಮಾರು ಒಂದು ಗಂಟೆ ಸಾಗಿ ವಿಟ್ಸ್‌ನೌ ಎಂಬಲ್ಲಿ ಇಳಿದರೆ, ಹತ್ತು ಹೆಜ್ಜೆಯಲ್ಲಿ 1871ರಲ್ಲಿ ಶುರುವಾದ ಹಲ್ಲುಹಳಿಯ ರೈಲು ನಿಂತಿರುತ್ತದೆ. ಯುರೋಪಿನ ಮೊದಲ ಬೆಟ್ಟದ ರೈಲು ಅದು. ಹತ್ತುವಾಗ ಎಡಗಡೆ ಕೂರಿ, ಸರೋವರ ಆ ಬದಿಗೆ. 1798 ಮೀಟರ್ ಎತ್ತರದ ರಿಗಿ ಕುಲ್ಮ್‌ನಲ್ಲಿ ಇಳಿದು, ಒಂದು ಎರಡು ನಿಲ್ದಾಣದಷ್ಟು ದೂರ ಇಳಿಜಾರಿನಲ್ಲಿ ನಡೆದು ಮತ್ತೆ ರೈಲು ಹತ್ತಬಹುದು. ಮಕ್ಕಳಿಗೆ ಏರುವುದಕ್ಕಿಂತ ಇಳಿಯುವ ನಡಿಗೆ ಇಷ್ಟ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಹಡಗು, ರಿಗಿ ರೈಲು ಎರಡೂ ಅದರಲ್ಲೇ ಸೇರಿವೆ. ಪಿಲಾಟುಸ್ ಬೆಟ್ಟಕ್ಕೆ ಅರ್ಧ ದರ. ಅಪ್ಪ ಅಥವಾ ಅಮ್ಮನ ಬಳಿ ಪಾಸ್ ಇದ್ದು ‘ಫ್ಯಾಮಿಲಿ ಕಾರ್ಡ್’ ಕೇಳಿ ಪಡೆದರೆ 6ರಿಂದ 15 ವರ್ಷದ ಮಕ್ಕಳಿಗೆ ಉಚಿತ. ಕೇಳದಿದ್ದರೆ ತಾನಾಗಿ ಬರುವುದಿಲ್ಲ. ಏಳು ರಾತ್ರಿಯಲ್ಲಿ ಓಡಾಟ ಇರುವ ದಿನಗಳು ಮೂರು ನಾಲ್ಕೇ ಆದರೆ ಪಾಸನ್ನು ಆ ಸಾಲು ದಿನಗಳಿಗಷ್ಟೇ ತೆಗೆದು, ಉಳಿದ ದಿನ ಊರಲ್ಲೇ ಇರಿ. ತಂಗುವ ಮನೆಯವರು ಕೊಡುವ ಅತಿಥಿ ಕಾರ್ಡಿನಲ್ಲಿ ಲುಝರ್ನ್ ಊರೊಳಗಿನ ಬಸ್ಸು ಉಚಿತ. ಮೋಡ ಕವಿದಿದ್ದರೆ ಬೆಟ್ಟಕ್ಕೆ ಹೋಗಿ ದುಡ್ಡು ಕಳೆಯಬೇಡಿ. ತುದಿಯಲ್ಲಿ ಇಟ್ಟಿರುವ ಕ್ಯಾಮೆರಾದ ನೇರ ಚಿತ್ರ ಬೆಳಿಗ್ಗೆಯೇ ಮೊಬೈಲಿನಲ್ಲಿ ನೋಡಿ, ಬಿಳಿ ಹೊಗೆ ಕಂಡರೆ ಸಾರಿಗೆ ಮ್ಯೂಸಿಯಂಗೆ ಹೋಗಿ.

ಹಂತ 8: ಊಟ, ನೀರು, ಭಾನುವಾರ

ನಲ್ಲಿ ನೀರು ನಾಲ್ಕೂ ದೇಶಗಳಲ್ಲಿ ಕುಡಿಯಬಹುದು. ರೋಮಿನ ಬೀದಿಗಳಲ್ಲಿ ‘ನಸೋನೆ’ ಎಂಬ ಎರಕದ ಕಬ್ಬಿಣದ ನೀರಿನ ಕಂಬಗಳಿವೆ. ಕೆಳಗಿನ ಮೂತಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಮಕ್ಕಳಿಗೆ ಇದೊಂದು ಆಟ. ತಲೆಗೊಂದು ಬಾಟಲಿ ಇಟ್ಟುಕೊಂಡರೆ ನೀರು ಕೊಳ್ಳುವ ಖರ್ಚೇ ಇಲ್ಲ. ಫ್ರಾನ್ಸಿನ ಹೋಟೆಲುಗಳಲ್ಲಿ ‘ಕರಾಫ್ ದೋ’ ಎಂದು ಕೇಳಿದರೆ ಕುಡಿಯುವ ನೀರು ಉಚಿತವಾಗಿ ತರುತ್ತಾರೆ.

ಮಧ್ಯಾಹ್ನ ಎರಡೂವರೆಯಿಂದ ಏಳರವರೆಗೆ ಬಹಳಷ್ಟು ಹೋಟೆಲುಗಳ ಅಡುಗೆಮನೆಗಳು ಮುಚ್ಚಿರುತ್ತವೆ. ನಾಲ್ಕಕ್ಕೆ ಹಸಿದ ಮಗುವಿಗೆ ಚೀಲದಲ್ಲಿ ಹಣ್ಣು, ಬ್ರೆಡ್ಡು ಇರಲೇಬೇಕು. ಇಟಲಿಯ ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂಬ ಮೇಜಿನ ಶುಲ್ಕ ತಲೆಗಿಷ್ಟು ಎಂದು ಸೇರಿರುತ್ತದೆ, ಅದು ಮೋಸವಲ್ಲ. ಮಾಂಸ ತಿನ್ನದವರು ರಿಸೊಟ್ಟೊ, ಸೂಪುಗಳ ಬಗ್ಗೆ ಎಚ್ಚರವಾಗಿರಿ. ತರಕಾರಿಯದ್ದೆಂದರೂ ಮಾಂಸದ ಸಾರಿನಲ್ಲಿ ಬೇಯಿಸಿರಬಹುದು. ಪಾರ್ಮೆಜಾನೊ ಚೀಸ್‌ಗೆ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸ್ಟ್ರಾಸ್‌ಬುರ್ಗ್‌ನ ತೆಳು ಪಿಜ್ಜಾದಂಥ ತಾರ್ತ್ ಫ್ಲಾಂಬೆಯಲ್ಲಿ ಹಂದಿಮಾಂಸದ ಚೂರು ಇರುವುದೇ ರೂಢಿ, ‘ಸಾಂ ಲಾರ್ದೋಂ’ ಎಂದರೆ ಅದಿಲ್ಲದೆ ಮಾಡಿಕೊಡುತ್ತಾರೆ. ಇನ್ಸ್‌ಬ್ರುಕ್‌ನಲ್ಲಿ ಕೆಜೆಷ್ಪೆಟ್ಸ್‌ಲೆ ಎಂಬ ಚೀಸ್ ಬೆರೆಸಿದ ಹಿಟ್ಟಿನ ತಿನಿಸು ಸಾಮಾನ್ಯವಾಗಿ ಸುರಕ್ಷಿತ ಆಯ್ಕೆ, ಅದರಲ್ಲಿ ಮೊಟ್ಟೆ ಇರುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಹೋಟೆಲ್ ಊಟ ದುಬಾರಿ, ಮನೆಯಲ್ಲೇ ಅಡುಗೆ ಮಾಡಿ.

ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್‌ಗಳೊಳಗಿನವು ಮಾತ್ರ ತೆರೆದಿರುತ್ತವೆ. ಶನಿವಾರ ಸಂಜೆ ಐದರೊಳಗೆ ಸಾಮಾನು ತಂದಿಡಿ. ಇದೇ ಕಾರಣಕ್ಕೆ ಶನಿವಾರ ರಾತ್ರಿ ಹೊಸ ಊರು ಸೇರುವ ಯೋಜನೆ ಬೇಡ.

ಹಂತ 9: ಹಣ, ಫೋನು, ಆರೋಗ್ಯ

ಕಾರ್ಡ್ ಯಂತ್ರ ಅಥವಾ ಎಟಿಎಂ ‘ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ’ ಎಂದು ಕೇಳಿದರೆ ಬೇಡವೆನ್ನಿ. ಯೂರೊ ಅಥವಾ ಸ್ವಿಸ್ ಫ್ರಾಂಕನ್ನೇ ಆರಿಸಿ. ಇಲ್ಲವಾದರೆ ಯಂತ್ರದವರ ಕೆಟ್ಟ ವಿನಿಮಯ ದರ ಬೀಳುತ್ತದೆ. ಸ್ಟೇಷನ್ ಶೌಚಾಲಯಗಳಿಗೆ 50 ಸೆಂಟ್, 1 ಯೂರೊ ನಾಣ್ಯಗಳನ್ನು ಬೇರೆ ಇಡಿ. ರೋಮಿನ ಮೆಟ್ರೊ, ಬಸ್ಸುಗಳಲ್ಲಿ ಕಾರ್ಡ್ ತಟ್ಟಿ ಹತ್ತಬಹುದು, ಆದರೆ ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡನ್ನು ನಾಲ್ಕು ಸಲ ತಟ್ಟಿದರೆ ನಾಲ್ಕು ಟಿಕೆಟ್ ಆಗುವುದಿಲ್ಲ. ಪ್ಯಾರಿಸ್‌ನ ವಾರದ ನಾವಿಗೊ ಪಾಸ್ ಸೋಮವಾರದಿಂದ ಭಾನುವಾರಕ್ಕೆ ಮಾತ್ರ. ಬುಧವಾರ ಇಳಿದವರಿಗೆ ಬಿಡಿ ಟಿಕೆಟ್ಟೇ ಮೇಲು. ಅಲ್ಲಿನ ಮೆಟ್ರೊದಲ್ಲಿ ಲಿಫ್ಟ್ ಬಹಳ ಕಡಿಮೆ. ತಳ್ಳುಗಾಡಿ, ಮೊಣಕಾಲು ನೋವು ಇರುವವರು ಬಸ್ಸಿನಲ್ಲೇ ಓಡಾಡಿ.

ಯುರೋಪಿಯನ್ ಒಕ್ಕೂಟದ ಒಂದು ದೇಶದಲ್ಲಿ ಕೊಂಡ ಸಿಮ್ ಉಳಿದ ದೇಶಗಳಲ್ಲೂ ಅದೇ ದರಕ್ಕೆ ನಡೆಯುತ್ತದೆ, ಸ್ವಿಟ್ಜರ್‌ಲೆಂಡಿನಲ್ಲಿ ಅಲ್ಲ. ಇನ್ಸ್‌ಬ್ರುಕ್‌ನಿಂದ ಜ್ಯೂರಿಚ್ ಕಡೆ ಹೊರಟ ರೈಲು ಗಡಿ ದಾಟುವ ಮುಂಚೆ ಡೇಟಾ ಆಫ್ ಮಾಡಿ, ಅಥವಾ ಸ್ವಿಟ್ಜರ್‌ಲೆಂಡ್ ಸೇರಿದ ಇ-ಸಿಮ್ ಕೊಳ್ಳಿ. ಗಡಿಯಲ್ಲಿ ಪೊಲೀಸರು ಹತ್ತಿ ತಪಾಸಣೆ ಮಾಡುವುದುಂಟು. ಪಾಸ್‌ಪೋರ್ಟ್‌ಗಳು ಸೂಟ್‌ಕೇಸಿನಲ್ಲಿರದೆ ಕೈಚೀಲದಲ್ಲಿರಲಿ.

ಇನ್ಸ್‌ಬ್ರುಕ್ ಸುತ್ತಲಿನ ಟಿರೋಲ್‌ನ ಹುಲ್ಲುಗಾವಲು, ಕಾಡುದಾರಿಯಲ್ಲಿ ನಡೆದು ಬಂದ ಸಂಜೆ ಮಕ್ಕಳ ಮೊಣಕಾಲ ಹಿಂಬದಿ, ಕಂಕುಳು, ಕೂದಲ ಅಂಚು ನೋಡಿ. ಅಲ್ಲಿ ಉಣ್ಣಿಗಳಿವೆ, ಅವು ರೋಗ ತರಬಲ್ಲವು. ಕಚ್ಚಿದ್ದು ಕಂಡರೆ ಎಣ್ಣೆ ಸುರಿಯಬೇಡಿ, ಸುಡಬೇಡಿ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ದಿನಾಂಕ ಬರೆದಿಟ್ಟುಕೊಳ್ಳಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಉಂಗುರ ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಔಷಧಿ ಅಂಗಡಿಗೆ ಹಸಿರು ಶಿಲುಬೆಯ ಗುರುತು ಸಾಮಾನ್ಯ. ಆಸ್ಟ್ರಿಯಾದಲ್ಲಿ ಮಾತ್ರ ಕೆಂಪು ಬಣ್ಣದ ‘ಎ’ ಅಕ್ಷರ ಹುಡುಕಿ. ತುರ್ತಿಗೆ ನಾಲ್ಕೂ ದೇಶಗಳಲ್ಲಿ 112.

ಕೊನೆಯ ಎರಡು ದಿನ

ಪ್ಯಾರಿಸ್‌ನ ಕೊನೆಯ ಸಂಜೆ ಅಡುಗೆಮನೆ ಖಾಲಿ ಮಾಡಿ, ಉಳಿದ ಅಕ್ಕಿ ಬೇಳೆಯನ್ನು ಮಾಲೀಕರನ್ನು ಕೇಳಿ ಬಿಟ್ಟು ಬನ್ನಿ. ವಿಮಾನ ಜುಲೈ 15ರ ಬೆಳಿಗ್ಗೆ ಇದ್ದರೆ ಹಿಂದಿನ ರಾತ್ರಿಯ ಸಿಡಿಮದ್ದಿನಿಂದಾಗಿ ಐಫೆಲ್ ಸುತ್ತಲಿನ ರಸ್ತೆ, ಮೆಟ್ರೊ ನಿಲ್ದಾಣಗಳು ಮುಚ್ಚಿ ಮನೆ ಸೇರುವುದು ನಡುರಾತ್ರಿಯಾಗುತ್ತದೆ. ಲಗೇಜು 14ರ ಮಧ್ಯಾಹ್ನವೇ ಕಟ್ಟಿಡಿ. ಷಾರ್ಲ್ ದ ಗೋಲ್ ವಿಮಾನ ನಿಲ್ದಾಣಕ್ಕೆ ಆರ್‌ಇಆರ್ ಬಿ ರೈಲು ಹೋಗುತ್ತದೆ. ಅದಕ್ಕೆ ಮಾಮೂಲಿ ಮೆಟ್ರೊ ಟಿಕೆಟ್ ಸಲ್ಲದು, ವಿಮಾನ ನಿಲ್ದಾಣದ ಟಿಕೆಟ್ಟನ್ನೇ ಕೊಳ್ಳಬೇಕು. ಹೊರಹೋಗುವಾಗಲೂ ಮುಖಚಿತ್ರದ ತಪಾಸಣೆ ಇರುವುದರಿಂದ ಮಕ್ಕಳೊಂದಿಗೆ ಮೂರೂವರೆ ಗಂಟೆ ಮುಂಚೆ ಅಲ್ಲಿರಿ.